ಸ್ವಿಫ್ಟ್ ಡೀಸೆಲ್ 1.3: ಟೈಮಿಂಗ್ ಚೈನ್ ಮನೇಲೇ ಬದಲಾಯಿಸಬಹುದಾ?

ಸಾಗರದ_ಶೆಡ್ಡು:
ಎಲ್ಲರಿಗೂ ನಮಸ್ಕಾರ. ಗಾಡಿ 2012ರ ಸ್ವಿಫ್ಟ್ ವಿಡಿಐ, ಸೆಕೆಂಡ್ ಹ್ಯಾಂಡ್. ಮೀಟರು 1.6 ಲಕ್ಷ ದಾಟಿದೆ. ಬೆಳಿಗ್ಗೆ ಮೊದಲ ಸಲ ಸೆಲ್ಫ್ ಹೊಡೆದಾಗ ಡ್ರೈವರ್ ಕಡೆಯಿಂದ ಬಕೀಟಿನಲ್ಲಿ ನಟ್ಟು ಬೋಲ್ಟು ಕುಲುಕಿದ ಹಾಗೆ ಗಲಗಲ ಸದ್ದು. ಮೊದಮೊದಲು ಎರಡು ಸೆಕೆಂಡಿಗೆ ನಿಲ್ತಿತ್ತು. ಈಗ ಎಂಜಿನ್ ಬಿಸಿಯಾದ ಮೇಲೂ ಐಡಲಿಂಗ್‌ನಲ್ಲಿ ಕಿವಿಗೆ ಬೀಳುತ್ತೆ. ಹಳೇ ಓನರು ಆಯಿಲ್ ಚೇಂಜನ್ನ 10,000ಕ್ಕೆ ಮಾಡಿಸೋದು ಬಿಟ್ಟು ನೆನಪಾದಾಗ ಮಾಡಿಸ್ತಿದ್ದರು ಅಂತ ಆಮೇಲೆ ಗೊತ್ತಾಯ್ತು.

ಗ್ಯಾರೇಜಲ್ಲಿ ಕೇಳಿದ್ದಕ್ಕೆ ಟೈಮಿಂಗ್ ಚೈನ್ (ಪಿಸ್ಟನ್ನುಗಳು ತಿರುಗಿಸೋ ಕ್ರ್ಯಾಂಕ್ ಶಾಫ್ಟಿಂದ ವಾಲ್ವು ತೆರೆಯೋ ಕ್ಯಾಮ್ ಶಾಫ್ಟನ್ನ ತಿರುಗಿಸೋ ಒಳಗಿನ ಚೈನು) ಕಿಟ್ಟು, ಲೇಬರ್ ಎಲ್ಲ ಸೇರಿ ಇಪ್ಪತ್ತೆರಡು ಸಾವಿರ ಅಂದ್ರು. ಅರ್ಧಕ್ಕಿಂತ ಹೆಚ್ಚು ಲೇಬರ್ರೇ. ಕ್ಲಚ್ ಪ್ಲೇಟು, ಸಸ್ಪೆನ್ಷನ್ ಕೆಲಸ ನಾನೇ ಮಾಡಿಕೊಂಡು ಅಭ್ಯಾಸ ಇದೆ. ಅಡಿಕೆ ಸುಲಿಯೋ ಶೆಡ್ಡು ಖಾಲಿ ಇದೆ, ನೆಲ ಸಿಮೆಂಟು, ಮೇಲೆ ಕಬ್ಬಿಣದ ತೊಲೆ. ಇದನ್ನ ಮನೇಲಿ ಮಾಡಿದವರು ಯಾರಾದ್ರೂ ಇದ್ದೀರಾ? ಧೈರ್ಯ ಹೇಳಿ, ಇಲ್ಲಾಂದ್ರೆ ಹೆದರಿಸಿ.

ಹುಬ್ಬಳ್ಳಿ_ಸ್ಪ್ಯಾನರ್:
ಹೆದರಸೂದು ಆಮ್ಯಾಲ ಮಾಡೋಣು. ಮೊದಲ ಅದು ಚೈನಿಂದೇ ಸಪ್ಪಳ ಅಂತ ಖಾತ್ರಿ ಮಾಡ್ಕೋರಿ. ಆಲ್ಟರ್ನೇಟರ್ ಪುಲ್ಲಿ ಹೋದ್ರೂ ಹಿಂಗ ಗಲಗಲ ಅಂತೈತಿ, ಬೆಲ್ಟಿನ ಐಡಲರ್ ಬೇರಿಂಗ್ ಹೋದ್ರೂ ಅಂತೈತಿ. ಹೊರಗಿನ ಬೆಲ್ಟ್ ಬಿಚ್ಚಿ, ಗಾಡಿ ಚಾಲೂ ಮಾಡಿ, ಹತ್ತು ಸೆಕೆಂಡ್ ಕಿವಿಗೊಟ್ಟು ಕೇಳ್ರಿ, ಬಂದ್ ಮಾಡ್ರಿ. ಸಪ್ಪಳ ಹಂಗೇ ಇತ್ತಂದ್ರ ಒಳಗಿಂದು. ಹತ್ತು ಸೆಕೆಂಡಿಗಿಂತ ಜಾಸ್ತಿ ಬ್ಯಾಡ, ವಾಟರ್ ಪಂಪೂ ಅದೇ ಬೆಲ್ಟಿನ ಮ್ಯಾಲೆ ಐತಿ.

ಹಂಗೇ ಸ್ಕ್ಯಾನರ್ ಹಾಕಸ್ರಿ. ಪಿ0016 ಅಂತ ಕೋಡ್ ಬಂದ್ರ ಕ್ರ್ಯಾಂಕು ಮತ್ತ ಕ್ಯಾಮಿನ ಲೆಕ್ಕ ತಾಳ ತಪ್ಪೇತಿ ಅಂತ ಅರ್ಥ. ಕೋಡ್ ಬರಲಿಲ್ಲ ಅಂದಾಕ್ಷಣ ಚೈನ್ ಚಲೋ ಐತಿ ಅಂತ ಮಾತ್ರ ತಿಳ್ಕೋಬ್ಯಾಡ್ರಿ.

ಸಾಗರದ_ಶೆಡ್ಡು:
ಬೆಲ್ಟ್ ಬಿಚ್ಚಿ ನೋಡಿದೆ ಸರ್, ಸದ್ದು ಹಾಗೇ ಇದೆ. ಉದ್ದ ಸ್ಕ್ರೂಡ್ರೈವರ್ ತುದಿ ಟೈಮಿಂಗ್ ಕವರಿಗೆ ಒತ್ತಿ ಹಿಡಿಗೆ ಕಿವಿ ಕೊಟ್ಟರೆ ಚೆನ್ನಾಗಿ ಕೇಳುತ್ತೆ. ಸ್ಕ್ಯಾನರಲ್ಲಿ ಏನೂ ಕೋಡ್ ಇಲ್ಲ. ಹಾಗಾದ್ರೆ ಚೈನನ್ನ ಬಿಗಿ ಹಿಡಿಯೋ ಟೆನ್ಷನರ್ ಒಂದೇ ಹಾಕಿದರೆ ಸಾಕಾಗಲ್ವಾ?

ಕೊವೆಂಟ್ರಿ_ಕನ್ನಡಿಗ:
ಇಲ್ಲಿ ಇಂಗ್ಲೆಂಡಲ್ಲಿ ನನ್ನ ಹತ್ರ ಇರೋ ಕೊರ್ಸಾದಲ್ಲೂ ಇದೇ ಎಂಜಿನ್ನು. ಫಿಯಟ್ ಮತ್ತು ಜನರಲ್ ಮೋಟರ್ಸ್ ಸೇರಿ ಮಾಡಿದ 1248 ಸಿಸಿ ಮಲ್ಟಿಜೆಟ್, ಯೂರೋಪಿನದ್ದು ಪೋಲೆಂಡಲ್ಲಿ ತಯಾರಾಗ್ತಿತ್ತು. ನಿಮ್ಮ ಕಡೆ ಡಿಡಿಐಎಸ್ ಅಂತಾರೆ, ಟಾಟಾದವರು ಕ್ವಾಡ್ರಾಜೆಟ್ ಅಂದ್ರು. ಇಲ್ಲಿ ಲೇಬರ್ ರೇಟು ಕೇಳಿದರೆ ಗಾಡಿನೇ ಮಾರಿಬಿಡೋಣ ಅನ್ಸುತ್ತೆ, ಅದಕ್ಕೇ ಸುಮಾರು ಜನ ಮನೆ ಮುಂದೆಯೇ ಈ ಕೆಲಸ ಮಾಡ್ಕೋತಾರೆ. ನಾನೂ ಮಾಡಿದೀನಿ.

ಟೆನ್ಷನರ್ ಒಂದೇ ಹಾಕೋ ಯೋಚನೆ ಬಿಟ್ಟುಬಿಡಿ. ಚೈನು ಹಿಗ್ಗಿದೆ ಅಂತೀವಿ, ಆದರೆ ಉಕ್ಕಿನ ಪಟ್ಟಿ ಏನೂ ಹಿಗ್ಗಲ್ಲ. ಪ್ರತಿ ಕೊಂಡಿಯ ಪಿನ್ನೂ ಅದು ಕೂತಿರೋ ತೂತೂ ಕೂದಲೆಳೆಯಷ್ಟು ಸವೆಯುತ್ತೆ, ಅಷ್ಟೂ ಕೊಂಡಿಯದ್ದು ಕೂಡಿದರೆ ಒಟ್ಟು ಉದ್ದ ಜಾಸ್ತಿ ಆಗುತ್ತೆ. ಡೀಸೆಲ್ ಎಂಜಿನಲ್ಲಿ ಆಯಿಲಿಗೆ ಮಸಿ ಸೇರುತ್ತಲ್ಲ, ಆ ಮಸಿ ಪಿನ್ನಿನ ಸಂದಿಗೆ ಹೋಗಿ ಉಜ್ಜುತ್ತೆ. ಆಯಿಲ್ ಚೇಂಜ್ ತಡ ಮಾಡಿದ ಗಾಡಿಗಳಲ್ಲಿ ಚೈನು ಬೇಗ ಹೋಗೋದು ಇದಕ್ಕೇ. ಉದ್ದ ಆದಷ್ಟೂ ಟೆನ್ಷನರಿನ ಕೋಲು ಹೊರಗೆ ಬಂದು ಸಡಿಲ ಹಿಡಿಯುತ್ತೆ, ಕೊನೆಗೆ ಅದರ ಕೈಗೂ ಎಟುಕಲ್ಲ. ಆವಾಗ ಚೈನು ಕವರಿಗೆ ಬಡಿಯೋಕೆ ಶುರು ಮಾಡುತ್ತೆ. ಬಿಸಿಯಾದ ಮೇಲೂ ಸದ್ದು ಬರ್ತಿದೆ ಅಂದ್ರೆ ನೀವು ಆ ಹಂತದಲ್ಲಿದ್ದೀರ.

ಚೈನು, ಎರಡೂ ಸ್ಪ್ರಾಕೆಟ್ಟು (ಚೈನಿನ ಹಲ್ಲುಚಕ್ರ), ಗೈಡುಗಳು (ಚೈನು ಉಜ್ಜಿಕೊಂಡು ಓಡೋ ಪಟ್ಟಿ), ಟೆನ್ಷನರು, ಕ್ರ್ಯಾಂಕಿನ ಮುಂದಿನ ಆಯಿಲ್ ಸೀಲು, ಎಲ್ಲಾ ಒಟ್ಟಿಗೆ ಹಾಕಿ. ಹಳೇ ಸ್ಪ್ರಾಕೆಟ್ ಹಲ್ಲು ಒಂದು ಬದಿಗೆ ಕೊಕ್ಕೆಯಾಗಿ ಸವೆದಿರುತ್ತೆ, ಹೊಸ ಚೈನನ್ನೂ ತಿಂದು ಹಾಕುತ್ತೆ.

ಅಂಬಾಸಡರ್_ಅಜ್ಜ:
ಇಷ್ಟೆಲ್ಲ ರಾಮಾಯಣ ಯಾಕಪ್ಪ? ಅಂಬಾಸಡರಿನ 1489 ಸಿಸಿ ಎಂಜಿನಿಗೆ ಎರಡು ಸಾಲಿನ ಚೈನು. ಕ್ಯಾಮ್ ಶಾಫ್ಟು ಕೆಳಗೇ ಬ್ಲಾಕಿನಲ್ಲಿರೋದರಿಂದ ಚೈನು ಅಂಗೈಯಗಲ. ಎರಡು ಸ್ಪ್ರಾಕೆಟ್ಟಿನ ಚುಕ್ಕಿ ಎದುರು ಬದುರು ತಂದು ಕೂರಿಸಿದರೆ ಮುಗೀತು. ಮರದ ನೆರಳಲ್ಲಿ ಮಾಡಿ ಸಂಜೆ ಗಾಡಿ ಓಡಿಸಿದೀವಿ. ಬಿಚ್ಚೋ ಮೊದಲು ಚೈನಿಗೂ ಸ್ಪ್ರಾಕೆಟ್ಟಿಗೂ ಬಿಳಿ ಪೇಂಟ್ ಗುರುತು ಹಾಕು, ಅದೇ ಲೆಕ್ಕದಲ್ಲಿ ಹೊಸದನ್ನ ಕೂರಿಸು. ಲಾಕಿಂಗ್ ಟೂಲು ಗೀಲು ಅಂತ ದುಡ್ಡು ಸುರೀಬೇಡ.

ಕೊವೆಂಟ್ರಿ_ಕನ್ನಡಿಗ:
ಅಜ್ಜ, ನಿಮ್ಮ ಅನುಭವಕ್ಕೆ ಕೈ ಮುಗಿದೆ. ಆದರೆ ಈ ಎಂಜಿನಿಗೆ ಪೇಂಟ್ ಗುರುತು ನಂಬೋದು ಬೇಡ. ಮೊದಲನೇದು, ಹಳೇ ಚೈನು ಈಗಾಗಲೇ ಒಂದು ಹಲ್ಲು ಹಾರಿದ್ದರೆ ನೀವು ತಪ್ಪನ್ನೇ ನಕಲು ಮಾಡಿದ ಹಾಗಾಗುತ್ತೆ. ಹಾರದಿದ್ದರೂ ಹಿಗ್ಗಿದ ಚೈನಲ್ಲಿ ಕ್ಯಾಮು ಇರಬೇಕಾದ್ದಕ್ಕಿಂತ ಹಿಂದೆ ಬಿದ್ದಿರುತ್ತೆ. ಎರಡನೇದು, ಕ್ಯಾಮ್‌ಗಳು ಮೇಲೆ ಹೆಡ್ಡಲ್ಲಿವೆ, 16 ವಾಲ್ವಿನ ಸ್ಪ್ರಿಂಗು ಒತ್ತುತ್ತಾ ಇರುತ್ತೆ. ಚೈನು ಸಡಿಲಿಸಿದ ತಕ್ಷಣ ಕ್ಯಾಮು ಟಕ್ಕಂತ ತಿರುಗಿಬಿಡುತ್ತೆ. ಡೀಸೆಲ್ಲಲ್ಲಿ ಪಿಸ್ಟನ್ ಮೇಲೆ ಬಂದಾಗ ಹೆಡ್ಡಿಗೂ ಅದಕ್ಕೂ ನಡುವೆ ಜಾಗವೇ ಇರಲ್ಲ. ಆಗ ತಪ್ಪಿ ಕ್ರ್ಯಾಂಕ್ ತಿರುಗಿಸಿದರೆ ವಾಲ್ವು ಪಿಸ್ಟನ್ನಿಗೆ ತಾಗುತ್ತೆ.

ಲಾಕಿಂಗ್ ಕಿಟ್ಟಲ್ಲಿ ಕ್ಯಾಮಿಗೆ ಪಿನ್ನು, ಫ್ಲೈವೀಲ್ ಕಡೆಯಿಂದ ಕ್ರ್ಯಾಂಕಿಗೆ ಇನ್ನೊಂದು ಪಿನ್ನು ಇರುತ್ತೆ. ಎಲ್ಲಾ ಪಿನ್ನೂ ಒಟ್ಟಿಗೆ ಕೈಯಲ್ಲೇ ಸಲೀಸಾಗಿ ಕೂತರೆ ಟೈಮಿಂಗ್ ಸರಿ. ಸುತ್ತಿಗೆಯಲ್ಲಿ ಬಡಿದು ಕೂರಿಸಬೇಕಾಗಿ ಬಂದರೆ ಅಲ್ಲೇ ನಿಲ್ಲಿಸಿ.

ಅಂಬಾಸಡರ್_ಅಜ್ಜ:
ಹಲ್ಲು ಹಾರಿದ್ದರೆ ತಪ್ಪು ನಕಲಾಗುತ್ತೆ ಅನ್ನೋದು ಒಪ್ಪಿದೆ. ಆದರೂ ಗುರುತು ಹಾಕೋದರಲ್ಲಿ ನಷ್ಟ ಏನಿಲ್ಲ, ಪಿನ್ನೂ ಇರಲಿ ಪೇಂಟೂ ಇರಲಿ.

ಕರಾವಳಿ_ಡೀಸೆಲ್:
ಪಿನ್ನು ಹಾಕುವುದು ಅಳತೆಗೆ ಮಾತ್ರ ಮಾರಾಯ್ರೆ, ಅದರ ಬಲದಲ್ಲಿ ಬೋಲ್ಟ್ ಲೂಸ್ ಮಾಡ್ಲಿಕ್ಕೆ ಹೋಗ್ಬೇಡಿ. ಪಿನ್ನು ಬಗ್ಗುತ್ತದೆ, ಇಲ್ಲದಿದ್ದರೆ ಅದು ಕೂತ ಅಲ್ಯೂಮಿನಿಯಮ್ ತೂತು ಒಡೆಯುತ್ತದೆ. ಸ್ಪ್ರಾಕೆಟ್ಟನ್ನು ಬೇರೆ ಹಿಡಿಕೆಯಲ್ಲಿ ಹಿಡಿದೇ ಲೂಸ್ ಮಾಡ್ಬೇಕು.

ಇನ್ನೊಂದು ಉಂಟು, ಯಾರೂ ಹೇಳ್ಲಿಲ್ಲ. ಕ್ರ್ಯಾಂಕ್ ಪುಲ್ಲಿಯ ನಾಲ್ಕು ಸಣ್ಣ ಬೋಲ್ಟ್ ತೆಗೆದರೆ ಒಳಗೆ ನಡುವಿನ ದೊಡ್ಡ ಬೋಲ್ಟ್ ಸಿಗ್ತದೆ. ಅದು ಉಲ್ಟಾ ಥ್ರೆಡ್! ಎಡಕ್ಕೆ ತಿರುಗಿಸಿದರೆ ಇನ್ನೂ ಟೈಟ್ ಆಗ್ತದೆ. ನಮ್ಮ ಊರಿನ ಒಂದು ಗ್ಯಾರೇಜಿನಲ್ಲಿ ಹುಡುಗರು ಪಾನಾಕ್ಕೆ ನೀರಿನ ಪೈಪ್ ಸಿಕ್ಕಿಸಿ ಇಬ್ಬರು ನೇತಾಡಿದ್ದು ನಾನೇ ಕಂಡಿದ್ದೇನೆ. ಬೋಲ್ಟಿನ ತಲೆ ಹಾರಿ ಹೋಯ್ತು. ಆಮೇಲೆ ಉಳಿದ ತುಂಡಿಗೆ ನಟ್ಟು ವೆಲ್ಡ್ ಮಾಡಿ ತೆಗೆಯುವಾಗ ಸಾಕೋ ಸಾಕು.

ಸಾಗರದ_ಶೆಡ್ಡು:
ಉಲ್ಟಾ ಥ್ರೆಡ್ ವಿಷಯಕ್ಕೆ ದೊಡ್ಡ ನಮಸ್ಕಾರ! ಕಿಟ್ಟು ಆನ್‌ಲೈನಲ್ಲಿ ನೋಡಿದೆ, ನೂರಾರು ಬ್ರಾಂಡು. ಬೆಂಗಳೂರಿಗೆ ಹೋಗೋದಿದೆ, ಜೆ.ಸಿ. ರೋಡಲ್ಲಿ ತಗೊಳ್ಳಲಾ? ಮಾರುತಿಯವರು 2020ರ ಏಪ್ರಿಲ್‌ಗೆ ಡೀಸೆಲ್ಲೇ ನಿಲ್ಲಿಸಿದ್ದಾರಲ್ಲ, ಒರಿಜಿನಲ್ ಸಾಮಾನು ಸಿಗುತ್ತಾ?

ಗುರು_ಗ್ಯಾಸ್ಕೆಟ್:
ಈ ಎಂಜಿನ್ ಸಾಮಾನಿಗೆ ಬರ ಇಲ್ಲ ಗುರು. ಸ್ವಿಫ್ಟು, ಡಿಜೈರು, ರಿಟ್ಜು, ಎರ್ಟಿಗಾ, ಸಿಯಾಜು, ಟಾಟಾ ವಿಸ್ಟಾ, ಮಾಂಜಾ, ಫಿಯಟ್ ಪುಂಟೋ, ಲಿನಿಯಾ, ಎಲ್ಲದರಲ್ಲೂ ಇದೇ ಇತ್ತು. ದೇಶದ ರಾಷ್ಟ್ರೀಯ ಎಂಜಿನ್ ಅಂತ ಸುಮ್ನೆ ತಮಾಷೆ ಮಾಡ್ತಿರಲಿಲ್ಲ. ಜೆ.ಸಿ. ರೋಡಲ್ಲಿ ಸಿಗುತ್ತೆ, ಆದ್ರೆ ಜಿಎಸ್‌ಟಿ ಬಿಲ್ ಕೊಡೋ ಅಂಗಡೀಲಿ ತಗೊಳ್ಳಿ. "ಸೇಮ್ ಕಂಪನಿ ಮಾಲು ಸರ್, ಬಾಕ್ಸ್ ಮಾತ್ರ ಬೇರೆ" ಅಂದ್ರೆ ಅಲ್ಲಿಂದ ಹೊರಡಿ. ಡೂಪ್ಲಿಕೇಟ್ ಏರ್ ಫಿಲ್ಟರ್ ಹಾಕಿದರೆ ಹೇಗೋ ನಡೆಯುತ್ತೆ, ಡೂಪ್ಲಿಕೇಟ್ ಚೈನಿಗೆ ಎಂಜಿನ್ನೇ ಬಲಿ.

ಕ್ರ್ಯಾಂಕ್ ಬೋಲ್ಟು, ಕ್ಯಾಮ್ ಸ್ಪ್ರಾಕೆಟ್ ಬೋಲ್ಟು ಹೊಸದೇ ತಗೊಳ್ಳಿ. ಡಿಗ್ರಿ ಲೆಕ್ಕದಲ್ಲಿ ಟೈಟ್ ಮಾಡೋ ಬೋಲ್ಟು ಒಂದು ಸಲ ಎಳೆದುಕೊಂಡ ಮೇಲೆ ಎರಡನೇ ಸಲಕ್ಕೆ ಬರಲ್ಲ. ಟಾರ್ಕ್ ಎಷ್ಟು ಅನ್ನೋದನ್ನ ನಿಮ್ಮ ಮಾಡೆಲಿನ ವರ್ಕ್‌ಶಾಪ್ ಮ್ಯಾನ್ಯುಯಲ್ಲೇ ನೋಡಿ, ಇಲ್ಲಿ ಯಾರಾದ್ರೂ ಬಾಯಿಲೆಕ್ಕ ಹೇಳಿದರೆ ಕೇಳಬೇಡಿ. ನಾನು ಹೇಳಿದ್ರೂ.

ಹುಬ್ಬಳ್ಳಿ_ಸ್ಪ್ಯಾನರ್:
ಈಗ ಖರೇ ಕೆಲಸದ ಮಾತು. ಈ ಎಂಜಿನ್ನಿನಾಗ ಆಯಿಲ್ ಪಂಪು ಟೈಮಿಂಗ್ ಕವರಿನಾಗೇ ಐತಿ. ಕವರಿನ ಕೆಳಗಿನ ಅಂಚಿಗೆ ಆಯಿಲ್ ಚೇಂಬರ್ (ಎಂಜಿನ್ ಕೆಳಗಿನ ಆಯಿಲ್ ತೊಟ್ಟಿ) ಬೋಲ್ಟ್ ಆಗಿರತೈತಿ. ಅಂದ್ರ ಚೇಂಬರ್ ಇಳಸಲಿಲ್ಲ ಅಂದ್ರ ಕವರ್ ಬರಂಗಿಲ್ಲ. ಆ ಬದಿಯ ಎಂಜಿನ್ ಮೌಂಟಿಂಗ್ ಸಹಿತ ತಗೀಬೇಕು. ಇಲ್ಲೇ ಎಲ್ಲಾರೂ ಸಿಕ್ಕೊಳ್ಳೂದು. ಮೌಂಟಿಂಗ್ ತಗದಾಗ ಎಂಜಿನ್ ಭಾರ ಯಾರು ಹೊರಬೇಕು? ಬಾಳ ಮಂದಿ ಚೇಂಬರಿನ ಕೆಳಗ ಕಟಿಗಿ ಇಟ್ಟು ಜಾಕಿ ಕೊಡತಾರ. ಆಮ್ಯಾಲ ಚೇಂಬರ್ ಬಿಚ್ಚೂದು ಹೆಂಗ?

ಅದಕ್ಕ ಮ್ಯಾಲಿಂದ ಎತ್ತಿ ಹಿಡೀಬೇಕು. ಸಪೋರ್ಟ್ ಬಾರ್ ಇದ್ರ ಚಲೋ. ನಿಮ್ಮಲ್ಲಿ ತೊಲಿ ಐತಿ ಅಂದ್ರಿ, ಅದು ಅಷ್ಟು ಭಾರ ತಡೀತೈತಿ ಅಂತ ಖಾತ್ರಿ ಇದ್ರ ಚೈನ್ ಪುಲ್ಲಿ ಬಾಡಿಗಿ ತಂದು ಕಟ್ರಿ, ಎಂಜಿನ್ ಎತ್ತೂ ಕೊಕ್ಕಿಗೇ ಹಾಕ್ರಿ. ಕಬ್ಬಿಣದ ಪೈಪ್ ಅಡ್ಡ ಹಾಕಿ ಕಟ್ಟೂದಾದ್ರ ಫೆಂಡರ್ ತಗಡಿನ ಮ್ಯಾಲೆ ಇಡಬ್ಯಾಡ್ರಿ, ಬಗ್ಗತೈತಿ. ಗಾಡಿ ನಾಲ್ಕೂ ಕಡೆ ಸ್ಟ್ಯಾಂಡ್ ಮ್ಯಾಲೆ ಇರಲಿ. ಸೈಜುಗಲ್ಲು, ಇಟ್ಟಂಗಿ ಕೊಟ್ಟು ಕೆಳಗ ನುಸಿಯೂ ಕೆಲಸ ಮಾತ್ರ ಮಾಡಬ್ಯಾಡ್ರಿ, ಇಟ್ಟಂಗಿ ಒಡದ್ರ ಸಪ್ಪಳಾನೂ ಮಾಡೂದಿಲ್ಲ.

ಎಸಿ ಕಂಪ್ರೆಸರ್ ಅಡ್ಡ ಬಂದ್ರ ಪೈಪ್ ಬಿಚ್ಚಬ್ಯಾಡ್ರಿ, ಗ್ಯಾಸ್ ಹೋಗತೈತಿ. ಬೋಲ್ಟ್ ಅಷ್ಟ ತಗದು ಪೈಪ್ ಸಮೇತ ಒಂದ್ ಬದಿಗೆ ತಂತಿ ಹಾಕಿ ಕಟ್ಟಿಡ್ರಿ.

ಕೊವೆಂಟ್ರಿ_ಕನ್ನಡಿಗ:
ಚೇಂಬರ್ ಇಳಿಸೋದು ಕಿರಿಕಿರಿ ಅನ್ನಿಸಿದರೂ ಅದರಿಂದ ಒಂದು ಉಪಕಾರ ಇದೆ. ಗೈಡುಗಳು ಪ್ಲಾಸ್ಟಿಕ್ಕು. ಹಳೇ ಗೈಡು ಮುರಿದಿದ್ದರೆ ಚೂರುಗಳೆಲ್ಲ ಚೇಂಬರಿಗೆ ಬಿದ್ದು ಆಯಿಲ್ ಎಳೆಯೋ ಜಾಲರಿಗೆ ಅಂಟಿಕೊಂಡಿರುತ್ತೆ. ಅದನ್ನ ತೆಗೆಯದೆ ಹೊಸ ಚೈನು ಹಾಕಿದರೆ ಟೆನ್ಷನರಿಗೆ ಆಯಿಲ್ ಪ್ರೆಷರ್ ಸಿಗಲ್ಲ. ಅದು ನಡೆಯೋದೇ ಆಯಿಲ್ ಪ್ರೆಷರ್ ಮೇಲೆ.

ಸಾಗರದ_ಶೆಡ್ಡು:
ಕೆಲಸ ಶುರು ಆಗಿದೆ. ಡ್ರೈವರ್ ಕಡೆ ಚಕ್ರ, ಒಳಗಿನ ಪ್ಲಾಸ್ಟಿಕ್ಕು, ಬೆಲ್ಟು, ಮೌಂಟಿಂಗ್ ಎಲ್ಲ ಬಿಚ್ಚಿ ಆಯ್ತು. ತೊಲೆಗೆ ಚೈನ್ ಪುಲ್ಲಿ ಕಟ್ಟಿದೀನಿ. ಪಿನ್ನುಗಳು ಏನನ್ನೂ ಸಡಿಲಿಸೋ ಮೊದಲೇ ಹಾಕಿ ನೋಡಿದೆ. ಕ್ರ್ಯಾಂಕ್ ಪಿನ್ನು ಕೂತಿತು, ಕ್ಯಾಮಿಂದು ಸ್ವಲ್ಪದರಲ್ಲಿ ಕೂರಲ್ಲ. ಅರ್ಧ ತೂತು ಕಾಣುತ್ತೆ ಅಷ್ಟೇ. ಏನು ಮಾಡಲಿ?

ಕೊವೆಂಟ್ರಿ_ಕನ್ನಡಿಗ:
ಕೂರದೇ ಇರೋದೇ ನಿಮ್ಮ ಚೈನು ಹಿಗ್ಗಿದೆ ಅನ್ನೋದಕ್ಕೆ ಸಾಕ್ಷಿ. ಕ್ಯಾಮು ಹಿಂದೆ ಬಿದ್ದಿದೆ. ಕ್ರ್ಯಾಂಕ್ ಪಿನ್ನು ಬಿಗಿಯಾಗಿ ಕೂತಿರಲಿ. ಕವರು, ಟೆನ್ಷನರು ತೆಗೆದು ಚೈನು ಸಡಿಲ ಆದ ಮೇಲೆ ಕ್ಯಾಮನ್ನ ಹಿಡಿಕೆಯಲ್ಲಿ ಒಂಚೂರು ಮುಂದಕ್ಕೆ ತಂದರೆ ಪಿನ್ನು ತಾನೇ ಬೀಳುತ್ತೆ. ಚೈನು ತಿರುಗಿಸೋದು ಒಂದು ಕ್ಯಾಮನ್ನ ಮಾತ್ರ, ಇನ್ನೊಂದು ಅದಕ್ಕೆ ಗೇರಲ್ಲಿ ಸೇರಿಕೊಂಡಿದೆ. ಹಾಗಾಗಿ ಎರಡನ್ನೂ ಹೊಂದಿಸೋ ತಲೆನೋವಿಲ್ಲ. ತಿರುಗಿಸಬೇಕಾದ್ದು ಕೆಲವೇ ಡಿಗ್ರಿ. ಏನೋ ತಡೀತಾ ಇದೆ ಅನ್ನಿಸಿದರೆ ಬಲವಂತ ಬೇಡ.

ಹಳೇ ಚೈನು ಬಿಸಾಡಬೇಡಿ. ಹೊಸದನ್ನೂ ಹಳೇದನ್ನೂ ಒಂದೇ ಮೊಳೆಗೆ ನೇತುಹಾಕಿ ಫೋಟೋ ತೆಗೀರಿ.

ಸಾಗರದ_ಶೆಡ್ಡು:
ನೇತುಹಾಕಿದೆ. ತುದಿಯಲ್ಲಿ ವ್ಯತ್ಯಾಸ ಬರಿಗಣ್ಣಿಗೇ ಕಾಣುತ್ತೆ. ಹಳೇದನ್ನ ಅಡ್ಡಡ್ಡ ಹಿಡಿದರೆ ಬಿಲ್ಲಿನ ಹಾಗೆ ಬಗ್ಗುತ್ತೆ, ಹೊಸದು ನೆಟ್ಟಗೆ ನಿಲ್ಲುತ್ತೆ. ಜಾಲರಿಯಲ್ಲಿ ಕಂದು ಬಣ್ಣದ ಪ್ಲಾಸ್ಟಿಕ್ ಚೂರು ಮೂರ್ನಾಲ್ಕು ಸಿಕ್ಕವು, ಅದರ ಜೊತೆ ಅಂಟಿನ ಹುಳುಗಳೂ. ಹಿಂದೆ ಯಾರೋ ಈ ಚೇಂಬರ್ ಬಿಚ್ಚಿ ಧಾರಾಳವಾಗಿ ಅನಾಬಾಂಡ್ ಅಂಟು ಮೆತ್ತಿದ್ದಾರೆ.

ಕವರಿಗೆ ಅಂಟು ಹಾಕೋದು ಹೇಗೆ ಅಂತ ಯಾರಾದ್ರೂ ಹೇಳಿ.

ಗುರು_ಗ್ಯಾಸ್ಕೆಟ್:
ಇದು ನನ್ನ ಡಿಪಾರ್ಟ್‌ಮೆಂಟು! ಹಳೇ ಅಂಟನ್ನ ಪ್ಲಾಸ್ಟಿಕ್ ಸ್ಕ್ರೇಪರಲ್ಲಿ ಕೆರೆಯಿರಿ. ಉಳಿ, ಹ್ಯಾಕ್ಸಾ ಬ್ಲೇಡು ಮುಟ್ಟಬೇಡಿ, ಅಲ್ಯೂಮಿನಿಯಮ್ ಮೇಲೆ ಒಂದು ಗೀರು ಬಿದ್ದರೂ ಅಲ್ಲಿಂದ ಜಿನುಗುತ್ತೆ. ಆಮೇಲೆ ಬ್ರೇಕ್ ಕ್ಲೀನರ್ ಹಾಕಿ ಎರಡೂ ಕಡೆ ಒರೆಸಿ. ಬೆರಳಿಟ್ಟರೆ ಎಣ್ಣೆ ಜಿಡ್ಡು ಇರಬಾರದು. ಅಂಟು ಮೂರು ಮಿಲಿಮೀಟರ್ ಎಳೆಯಷ್ಟು, ಬೋಲ್ಟ್ ತೂತಿನ ಒಳಬದಿಗೆ ಸುತ್ತಿ ಬರಬೇಕು. ಎಳೆ ಎಲ್ಲೂ ತುಂಡಾಗಬಾರದು. ಜಾಸ್ತಿ ಹಾಕಿದರೆ ಹೊರಗೆ ಉಕ್ಕಿದ್ದು ಕಣ್ಣಿಗೆ ಕಾಣುತ್ತೆ, ಅಷ್ಟೇ ಒಳಗೂ ಉಕ್ಕಿರುತ್ತೆ. ನಿಮ್ಮ ಜಾಲರಿಯಲ್ಲಿ ಸಿಕ್ಕ ಹುಳು ಅದೇ. ಅಂಟು ಹಾಕಿದ ಮೇಲೆ ಬೀಡಿ ಸೇದೋಕೆ ಹೋಗಬೇಡಿ, ಚರ್ಮ ಕಟ್ಟೋ ಮೊದಲೇ ಕವರ್ ಕೂರಿಸಿ. ಆಯಿಲ್ ಮಾತ್ರ ಮಾರನೇ ದಿನ ತುಂಬಿ.

ಕವರ್ ಕೂರಿಸೋವಾಗ ಹೊಸ ಆಯಿಲ್ ಸೀಲಿನ ತುಟಿ ಮಡಚಿಕೊಳ್ಳದ ಹಾಗೆ ನೋಡಿ. ತುಟಿಗೆ ಒಂದಿಷ್ಟು ಆಯಿಲ್ ಸವರಿ.

ಕರಾವಳಿ_ಡೀಸೆಲ್:
ಕವರ್ ಮುಚ್ಚುವ ಮೊದಲು ಟೆನ್ಷನರಿನ ಪಿನ್ನು ತೆಗೆದಿರಾ? ಹೊಸ ಟೆನ್ಷನರ್ ಒಂದು ಸಣ್ಣ ತಂತಿ ಚುಚ್ಚಿ ಒಳಗೆ ಒತ್ತಿಟ್ಟು ಬರ್ತದೆ. ಅದು ಎಳೆದರೆ ಮಾತ್ರ ಚೈನು ಬಿಗಿ ಆಗುವುದು. ಎಳೆಯದೆ ಕವರ್ ಮುಚ್ಚಿ ಅಂಟು ಒಣಗಿದ ಮೇಲೆ ನೆನಪಾದರೆ ನಗುವುದಾ ಅಳುವುದಾ ಗೊತ್ತಾಗ್ಲಿಕ್ಕಿಲ್ಲ.

ಸಾಗರದ_ಶೆಡ್ಡು:
ತೆಗೆದೆ. ತಂತಿಯನ್ನ ಡ್ಯಾಶ್‌ಬೋರ್ಡ್ ಮೇಲೇ ಇಟ್ಟಿದೀನಿ, ರಾತ್ರಿ ಎದ್ದು ಅನುಮಾನ ಪಡಬಾರದು ಅಂತ.

ಕೊವೆಂಟ್ರಿ_ಕನ್ನಡಿಗ:
ಹ್ಹಹ್ಹ, ಒಳ್ಳೇ ಉಪಾಯ. ಕವರ್ ಮುಚ್ಚೋ ಮುಂಚೆಯೇ ಎಲ್ಲಾ ಪಿನ್ನೂ ತೆಗೆದು, ಕ್ರ್ಯಾಂಕನ್ನ ಉದ್ದ ಹಿಡಿಯ ಪಾನಾದಲ್ಲಿ ಎಂಜಿನ್ ಓಡೋ ದಿಕ್ಕಿಗೇ ಎರಡು ಪೂರ್ತಿ ಸುತ್ತು ತಿರುಗಿಸಿ. ಕ್ರ್ಯಾಂಕಿನ ಎರಡು ಸುತ್ತಿಗೆ ಕ್ಯಾಮಿನದು ಒಂದು. ಆಮೇಲೆ ಪಿನ್ನು ಮತ್ತೆ ಕೈಯಲ್ಲೇ ಕೂರಬೇಕು. ಹಿಂದಕ್ಕೆ ಮಾತ್ರ ತಿರುಗಿಸಬೇಡಿ. ಟೆನ್ಷನರಲ್ಲಿ ಇನ್ನೂ ಆಯಿಲ್ ಇಲ್ಲ, ಚೈನು ಸಡಿಲ ಬಿದ್ದು ಹಲ್ಲು ಹಾರಬಹುದು. ನಡುವೆ ಬಿಗಿ ಬಂದಾಗ ಅದು ಕಂಪ್ರೆಷನ್ನೋ ವಾಲ್ವು ತಾಗಿದ್ದೋ ಅಂತ ಗೊತ್ತಾಗೋದು ಹೇಗೆ ಅಂದ್ರೆ, ಕಂಪ್ರೆಷನ್ ಆದರೆ ಕೈ ಬಿಗಿ ಹಿಡಿದು ನಿಂತರೆ ನಿಧಾನಕ್ಕೆ ಸಡಿಲಿಸುತ್ತೆ. ಲೋಹಕ್ಕೆ ಲೋಹ ತಾಗಿದ್ದರೆ ಗೋಡೆಗೆ ಗುದ್ದಿದ ಹಾಗೆ ಅಲ್ಲೇ ನಿಂತುಬಿಡುತ್ತೆ.

ಸುಲಭ ಆಗಲಿ ಅಂತ ಹೀಟರ್ ಪ್ಲಗ್ ಬಿಚ್ಚೋಕೆ ಹೋಗಬೇಡಿ. ಹಳೇ ಗಾಡಿಯಲ್ಲಿ ಅವು ಹೆಡ್ಡಲ್ಲೇ ಮುರಿದುಕೊಂಡರೆ ಇನ್ನೊಂದು ಹೊಸ ಕಥೆ.

ಹುಬ್ಬಳ್ಳಿ_ಸ್ಪ್ಯಾನರ್:
ಎಲ್ಲಾ ಜೋಡಸಿದ ಮ್ಯಾಲೆ ಗಡಿಬಿಡಿ ಮಾಡಿ ಚಾಲೂ ಮಾಡಬ್ಯಾಡ್ರಿ. ಪಂಪು ಒಣಗೇತಿ. ಹೊಸ ಫಿಲ್ಟರ್, ಹೊಸ ಆಯಿಲ್ ಹಾಕಿ, ಇಂಜೆಕ್ಟರ್ ಕನೆಕ್ಟರ್ ನಾಲ್ಕೂ ಬಿಚ್ಚಿ ಸೆಲ್ಫ್ ಹೊಡೀರಿ. ಒಮ್ಮಿಗೆ ಹತ್ತು ಸೆಕೆಂಡ್, ನಡುವ ಬಿಡುವು ಕೊಡ್ರಿ, ಇಲ್ಲಂದ್ರ ಸ್ಟಾರ್ಟರ್ ಮೋಟಾರ್ ಸುಡತೈತಿ. ಡ್ಯಾಶ್‌ನಾಗಿನ ಆಯಿಲ್ ಲೈಟ್ ಆರೂಮಟ ಇದೇ ಕೆಲಸ. ಲೈಟ್ ಆರಿದ ಮ್ಯಾಲೆ ಕನೆಕ್ಟರ್ ಹಾಕಿ ಚಾಲೂ ಮಾಡ್ರಿ. ಇಂಜೆಕ್ಟರ್ ಬಿಚ್ಚಿದ್ದಕ್ಕ ಚೆಕ್ ಲೈಟ್ ಬಂದಿರತೈತಿ, ಸ್ಕ್ಯಾನರ್‌ಲೆ ಅಳಸಿದ್ರ ಆತು.

ಸಾಗರದ_ಶೆಡ್ಡು:
ಗಾಡಿ ಸ್ಟಾರ್ಟ್ ಆಯ್ತು! ಮೊದಲ ಕೆಲವು ಸೆಕೆಂಡ್ ಟಪಟಪ ಅಂತು, ಎದೆ ಧಸಕ್ ಅಂತು. ಟ್ಯಾಪೆಟ್ಟಿಗೆ ಆಯಿಲ್ ತುಂಬಿದ ಮೇಲೆ ಸದ್ದು ಪೂರ್ತಿ ನಿಂತಿದೆ. ಪಿಕಪ್ ಕೂಡ ಕೆಳಗಿನ ಗೇರಲ್ಲಿ ಮೊದಲಿಗಿಂತ ಹಗುರ ಅನ್ನಿಸ್ತಿದೆ, ಇದು ನನ್ನ ಮನಸ್ಸಿನ ಭ್ರಮೆನೋ ಏನೋ. ಖರ್ಚು ಲಾಕಿಂಗ್ ಕಿಟ್ಟು, ಪುಲ್ಲಿ ಬಾಡಿಗೆ ಸೇರಿಸಿದರೂ ಗ್ಯಾರೇಜಿನವರು ಹೇಳಿದ್ದರ ಅರ್ಧ ಮುಟ್ಟಿಲ್ಲ. ಹಳೇ ಆಯಿಲ್ ಕ್ಯಾನಲ್ಲಿದೆ. ಪಕ್ಕದ ತೋಟದವರು ಗೆದ್ದಲಿಗೆ ಕೊಡಿ ಅಂತಿದ್ದಾರೆ, ಕೊಡಲ್ಲ. ಒಂದು ಕ್ಯಾನು ಆಯಿಲ್ಲಿಗೆ ಬಾವಿ ಕೆಡಿಸಿಕೊಳ್ಳೋದು ಯಾಕೆ, ಗ್ಯಾರೇಜಿನ ಡ್ರಮ್ಮಿಗೆ ಹೋಗುತ್ತೆ.

ಅಂಬಾಸಡರ್_ಅಜ್ಜ:
ಶಹಬ್ಬಾಸ್ ಮಗನೇ. ಪೇಂಟ್ ಗುರುತು ಹಾಕಿದ್ಯೋ ಇಲ್ವೋ?

ಸಾಗರದ_ಶೆಡ್ಡು:
ಹಾಕಿದ್ದೆ ಅಜ್ಜ. ಹೊಸ ಚೈನಿಗೆ ಹೋಲಿಸಿದರೆ ಹೊಂದಲೇ ಇಲ್ಲ.

ಎರ್ಟಿಗಾ_ಎಂಟು_ಸೀಟು:
ನಂದು 2015ರ ಎರ್ಟಿಗಾ ಡೀಸೆಲ್, 90 ಪಿಎಸ್‌ನದ್ದು. ಸದ್ದು ಏನಿಲ್ಲ, ಆದ್ರೆ ಇದನ್ನೆಲ್ಲ ಓದಿ ಭಯ ಆಗ್ತಿದೆ. ಮುಂಜಾಗ್ರತೆಗೆ ಈಗಲೇ ಬದಲಾಯಿಸಲಾ? ಚೈನು ತುಂಡಾದ್ರೆ ಎಂಜಿನ್ ಪೂರ್ತಿ ಹೋಗುತ್ತಾ?

ಗುರು_ಗ್ಯಾಸ್ಕೆಟ್:
ಸದ್ದಿಲ್ಲದ ಚೈನನ್ನ ಸುಮ್ನೆ ಬಿಚ್ಚಬೇಡಿ. ಬೆಲ್ಟ್ ಆದ್ರೆ ಕಿ.ಮೀ. ಲೆಕ್ಕದಲ್ಲಿ ಬದಲಾಯಿಸಲೇಬೇಕು, ಚೈನಿಗೆ ಹಾಗಿಲ್ಲ. ಕಂಪನಿ ಹೇಳಿದ ಗ್ರೇಡಿನ ಆಯಿಲ್ ಹಾಕಿ, ಊರೊಳಗೆ ನಿಂತು ನಿಂತು ಓಡೋ ಗಾಡಿಯಾದರೆ 10,000 ಕಾಯದೆ ಮುಂಚೆಯೇ ಬದಲಾಯಿಸಿ. ತುಂಡಾದರೆ ಈ ಎಂಜಿನಲ್ಲಿ ಎಷ್ಟೋ ಸಲ ಕ್ಯಾಮಿಗೂ ವಾಲ್ವಿಗೂ ನಡುವಿನ ರಾಕರ್‌ಗಳು ಮೊದಲು ಮುರಿದು ವಾಲ್ವು, ಪಿಸ್ಟನ್ನು ಉಳಿದದ್ದುಂಟು. ಅದೃಷ್ಟ ಕೈಕೊಟ್ಟರೆ ಹೆಡ್ಡು ಇಳಿಸಬೇಕು.

ಕರಾವಳಿ_ಡೀಸೆಲ್:
ಘಾಟಿಯಲ್ಲಿ ಏರು ಮುಖ ಮಾಡಿ ನಿಲ್ಲಿಸುವಾಗ ಬರೀ ಗೇರಿನ ಮೇಲೆ ಬಿಡಬೇಡಿ. ಗಾಡಿ ಹಿಂದೆ ಜಾರಿದರೆ ಎಂಜಿನ್ ಹಿಂದಕ್ಕೆ ತಿರುಗ್ತದೆ, ಸವೆದ ಚೈನಿಗೆ ಅದು ಒಳ್ಳೇದಲ್ಲ. ಮೊದಲು ಹ್ಯಾಂಡ್‌ಬ್ರೇಕ್ ಗಟ್ಟಿ ಎಳೆದು, ಗಾಡಿ ಅದರ ಮೇಲೆ ಕೂತ ನಂತರ ಗೇರ್ ಹಾಕಿ.

ಹುಬ್ಬಳ್ಳಿ_ಸ್ಪ್ಯಾನರ್:
ಸಾಗರದವ್ರ, ನಿಮ್ಮ ಲಾಕಿಂಗ್ ಕಿಟ್ ಈಗ ಸುಮ್ನ ಕುಂತೈತಲ್ಲ? ಇಲ್ಲೊಂದು ರಿಟ್ಜ್ ಬಂದೇತಿ, ಇದೇ ಸಪ್ಪಳ. ಬಸ್ಸಿಗೆ ಪಾರ್ಸೆಲ್ ಹಾಕ್ತೀರೇನು?

ಸಾಗರದ_ಶೆಡ್ಡು:
ಹಾಕ್ತೀನಿ ಸರ್, ನೀವು ಹೇಳಿಕೊಟ್ಟಿದ್ದಕ್ಕೆ ಅಷ್ಟಾದರೂ ಮಾಡಬೇಡವಾ. ಫ್ಲೈವೀಲ್ ಪಿನ್ನಿನ ತುದಿಗೆ ಕೆಂಪು ದಾರ ಕಟ್ಟಿದೀನಿ, ಬಿಚ್ಚಬೇಡಿ, ಎಂಜಿನ್ ಸ್ಟಾರ್ಟ್ ಮಾಡೋ ಮೊದಲು ಅದು ಹೊರಗಿದೆ ಅಂತ ಕಾಣಲಿ ಅಂತ ಕಟ್ಟಿದ್ದು. ನಿಮ್ಮದಾದ ಮೇಲೆ ಮಂಗಳೂರಿನವರು ಕೇಳಿದ್ದಾರೆ, ಅಲ್ಲಿಗೆ ಕಳಿಸಿ. ಪಾರ್ಸೆಲ್ ಚಾರ್ಜು ತಗೊಳ್ಳೋರದ್ದು.